ಎರಡನೆಯ ಪಿಟೀಲಿನ ಪಕ್ಕದ ದನಿ

ಸಂಗೀತವನ್ನು ವೇದಿಕೆಯ ಬೆಳಕಿನಿಂದ ಅಳೆಯುವವರಿಗೆ, ನಮ್ಮ ಸಂಗೀತಶಾಲೆಯಿಂದ ಈ ವರ್ಷ ನಿವೃತ್ತರಾಗುತ್ತಿರುವ ಮೇಡಂ ಅವರ ಸಾಧನೆಯನ್ನು ತಿಳಿಯಹೇಳುವುದು ಸುಲಭವಲ್ಲ. ಅವರು ಆರಿಸಿಕೊಂಡದ್ದು ಪಾಶ್ಚಾತ್ಯ ಪದ್ಧತಿಯ ಚೇಂಬರ್ ಸಂಗೀತ: ನಿರ್ದೇಶಕನಿಲ್ಲದೆ, ಮೂರೋ ನಾಲ್ಕೋ ಜನ ಒಂದು ಕೋಣೆಯಲ್ಲಿ ಕುಳಿತು, ಒಬ್ಬರ ಉಸಿರನ್ನು ಇನ್ನೊಬ್ಬರು ಗಮನಿಸುತ್ತ ನುಡಿಸುವ ಸಂಗೀತ. ಅದರಲ್ಲಿಯೂ ಅವರದು ಎರಡನೆಯ ಪಿಟೀಲು. ಹಾಡಿನ ಮೆರುಗು ಮೊದಲನೆಯ ಪಿಟೀಲಿಗೆ, ತಳಹದಿಯ ಗೌರವ ಮಂದ್ರದಲ್ಲಿ ನುಡಿಯುವ ದೊಡ್ಡ ವಾದ್ಯ ಚೆಲ್ಲೊಗೆ ಸಂದರೆ, ನಡುವಿನ ಗೋಡೆ ಕಟ್ಟುವ ಕೆಲಸ ಎರಡನೆಯ ಪಿಟೀಲಿಗೂ ಅದರ ಪಕ್ಕದ, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾಕ್ಕೂ ಉಳಿಯುತ್ತದೆ. ಆ ಕುರ್ಚಿಯನ್ನು ಬಿಟ್ಟು ಮುಂದಿನದಕ್ಕೆ ಅವರು ಆಸೆಪಟ್ಟವರಲ್ಲ. "ಜೀವಮಾನವೆಲ್ಲ ಪಿಟೀಲು ಕುಯ್ದರೂ ಯಾರ ತಲೆಯನ್ನೂ ತಿನ್ನದವರು" ಎಂದು ಸಹೋದ್ಯೋಗಿಗಳು ಆಡುತ್ತಿದ್ದ ತಮಾಷೆಯಲ್ಲಿ ನಿಜವೇ ಹೆಚ್ಚಿತ್ತು.

ಶಾಲೆಗೆ ಬಂದಾಗ ಅವರಿಗೆ ಸಿಕ್ಕಿದ್ದು ಮೆಟ್ಟಿಲ ತಿರುವಿನ ಪುಟ್ಟ ಕೋಣೆ. ನಾಲ್ಕು ಕುರ್ಚಿ ಹಾಕಿದರೆ ಬಾಗಿಲು ತೆರೆಯದು. ತಡವಾಗಿ ಬಂದವರು ಹೊರಗೇ ನಿಲ್ಲಬೇಕು. "ಕೇಳೋದೂ ಪಾಠಾನೇ ಕಣ್ರೋ" ಎಂದು ಒಳಗಿನಿಂದ ಮೇಡಂ ದನಿ ಬರುತ್ತಿತ್ತು. ಆಸ್ಪತ್ರೆಯ ಪಾಳಿ ಮುಗಿಸಿ ಚೆಲ್ಲೊ ಕಲಿಯಲು ಬರುತ್ತಿದ್ದ ನರ್ಸ್ ಒಬ್ಬರು ವಾದ್ಯಕ್ಕೇ ತಲೆಯಾನಿಸಿ ನಿದ್ದೆಹೋದ ದಿನ, ಎಬ್ಬಿಸಹೊರಟವರನ್ನು ಕಣ್ಣಲ್ಲೇ ತಡೆದು, ತಮ್ಮ ಶಾಲು ಹೊದಿಸಿ, ಪಾಠವನ್ನು ತಮ್ಮ ಊಟದ ಬಿಡುವಿಗೆ ಮುಂದೂಡಿದವರು ಅವರು. ಎಚ್ಚೆತ್ತು ನಾಚಿ ಕಣ್ಣೀರು ಹಾಕಿದ ಆಕೆಗೆ, "ಅಳ್ತೀಯ ಯಾಕಮ್ಮ? ತಾಳ ಒಂದು ಚೂರೂ ತಪ್ಪಿಲ್ಲ, ಗೊರಕೆ ಸರಿಯಾಗೇ ಇತ್ತು" ಎಂದರಂತೆ.

ಇದೇ ಕೋಣೆಯಲ್ಲಿ ಅಧ್ಯಾಪಕರದೇ ಆದ ನಾಲ್ವರ ತಂಡವೊಂದು ಬೆಳೆಯಿತು. ಮೇಡಂ ಪಕ್ಕದಲ್ಲಿ ಕೂರುತ್ತಿದ್ದವರು ವಯೋಲಾ ಮೇಷ್ಟ್ರು. ಅವರಿಬ್ಬರು ಒಬ್ಬರನ್ನೊಬ್ಬರು ಹೊಗಳಿದ್ದನ್ನು ಯಾರೂ ಕೇಳಿದ್ದಿಲ್ಲ. ಒಬ್ಬರ ಕಮಾನು ಎದ್ದರೆ ಇನ್ನೊಬ್ಬರದು ತಾನಾಗಿ ಏಳುತ್ತಿತ್ತು, ಅಷ್ಟೆ. ಮೇಷ್ಟ್ರಿಗೆ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಒಟ್ಟಿಗೇ ಹೋದಾಗ ತಂಡ ನಿಂತಿತು. ಬೇರೊಬ್ಬರನ್ನು ಕರೆತರೋಣ ಎಂದವರಿಗೆ ಮೇಡಂ "ಈಗ ಬೇಡ" ಎಂದರು. ಆ "ಈಗ" ವರ್ಷ ದಾಟಿತು. ಪಾಠಗಳು ನಡೆದವು, ಆದರೆ ಅವರು ತಮಗಾಗಿ ಪಿಟೀಲು ಎತ್ತಿಕೊಂಡದ್ದನ್ನು ಮನೆಯವರೂ ಕಾಣಲಿಲ್ಲ.

ಅಂಥ ಹೊತ್ತಿನಲ್ಲಿ ಛಾವಣಿಯ ದುರಸ್ತಿಗೆಂದು ಶಾಲೆ ಮುಚ್ಚಿ, ಆನ್‌ಲೈನ್ ಕಾರ್ಯಾಗಾರದ ಹೊಣೆ ಅವರ ಹೆಗಲಿಗೆ ಬಂತು. ಚೇಂಬರ್ ಸಂಗೀತವನ್ನು ಕಂಪ್ಯೂಟರಿನಲ್ಲಿ ಕಲಿಸುವುದೆಂದರೆ ನೀರಿಲ್ಲದೆ ಈಜು ಕಲಿಸಿದಂತೆ ಎಂದು ಹಲವರು ನಕ್ಕರು. ನಕ್ಕದ್ದು ತಪ್ಪೂ ಅಲ್ಲ. ಒಂದು ಮನೆಯ ದನಿ ಇನ್ನೊಂದಕ್ಕೆ ತಡವಾಗಿ ತಲುಪಿ, ಮೊದಲ ದಿನದ ವಾದನ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ಮೇಡಂ ಯೋಚಿಸಿ ಒಂದು ದಾರಿ ಕಂಡುಕೊಂಡರು: ಒಬ್ಬರ ಮೈಕ್ ಮಾತ್ರ ತೆರೆದಿರುವುದು, ಉಳಿದವರು ಮೈಕ್ ಮುಚ್ಚಿ ತಮ್ಮ ಮನೆಯಲ್ಲೇ ಆ ದನಿಗೆ ಜೊತೆಗೂಡುವುದು, ಸರದಿಯಂತೆ ಮುಂದಾಳು ಬದಲಾಗುವುದು. "ಜೊತೆಗಾರರ ದನಿ ನಿಮಗೆ ಕೇಳಿಸಲ್ಲ. ಆದ್ರೂ ಇದ್ದಾರೆ ಅಂತ ನಂಬಿ, ಜಾಗ ಬಿಟ್ಟು ನುಡಿಸಿ" ಎಂದರು.

ಒಂದು ದಿನ ಮೇಷ್ಟ್ರ ಹೆಂಡತಿ ಫೋನ್ ಮಾಡಿದರು. "ಅಕ್ಕಾ, ಇವರು ಸುಮ್ಮನೆ ಕೂತು ನೋಡಬಹುದಾ? ದಿನವೆಲ್ಲ ಗೋಡೆ ನೋಡ್ಕೊಂಡು ಕೂತಿರ್ತಾರೆ."

"ಸುಮ್ಮನೆ ಯಾಕಮ್ಮ? ವಯೋಲಾ ಜಾಗ ಖಾಲಿ ಇದೆಯಲ್ಲ."

ಹಾಗೆ ಕಾರ್ಯಾಗಾರದಲ್ಲಿ ನಾಲ್ವರ ತಂಡವೊಂದಾಯಿತು: ಮೊದಲ ಪಿಟೀಲಿಗೆ ಕಲಿಯಲು ಬಂದ ಒಬ್ಬ ಬ್ಯಾಂಕ್ ಅಧಿಕಾರಿ, ಚೆಲ್ಲೊಗೆ ಹಳೆಯ ಶಿಷ್ಯೆಯಾದ ಆ ನರ್ಸ್, ಎರಡನೆಯದಕ್ಕೆ ಸ್ವತಃ ಮೇಡಂ. ಮೇಷ್ಟ್ರು ವಯೋಲಾವನ್ನು ತೊಡೆಯ ಮೇಲಿಟ್ಟು ಎಡಗೈ ಬೆರಳುಗಳನ್ನಷ್ಟೇ ತಂತಿಯ ಮೇಲೆ ಆಡಿಸುತ್ತಿದ್ದರು. ಕೆಲವು ವಾರ ಸಹಿಸಿದ ಅಧಿಕಾರಿ ಕೊನೆಗೆ ಬಾಯಿಬಿಟ್ಟರು.

"ತಪ್ಪು ತಿಳ್ಕೋಬೇಡಿ ಮೇಡಂ. ಅವರು ನುಡಿಸೋದೇ ಇಲ್ಲ. ವಯೋಲಾ ಬರೋರು ಯಾರಾದ್ರೂ ಇದ್ದಿದ್ರೆ ನಾವೂ ನಾಲ್ಕಕ್ಷರ ಕಲೀತಿದ್ವಿ."

ಪರದೆಯ ಮೇಲೆ ಮೇಷ್ಟ್ರ ತಲೆ ತಗ್ಗಿತು. ಕಂಪ್ಯೂಟರ್ ಆರಿಸಲು ಹೆಂಡತಿಯ ಕೈ ಮುಂದೆ ಬಂತು.

"ಆಫ್ ಮಾಡಬೇಡಮ್ಮ, ಒಂದು ನಿಮಿಷ" ಎಂದರು ಮೇಡಂ. ಅಧಿಕಾರಿ ಕೇಳಿದ್ದರಲ್ಲಿ ಅನ್ಯಾಯವಿರಲಿಲ್ಲ. ಮೇಡಂ ಪಿಟೀಲು ಎತ್ತಿಕೊಂಡು ನಿಧಾನಗತಿಯ ಭಾಗವೊಂದನ್ನು ನುಡಿಸತೊಡಗಿದರು. ಎಂದೂ ಸ್ವರಲಿಪಿಯಿಂದ ಕಣ್ಣೆತ್ತದವರು ಅಂದು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ವಯೋಲಾ ಸೇರಬೇಕಾದ ಜಾಗ ಬಂದೊಡನೆ ಆ ತುಟಿಗಳು ತೆರೆದವು.

"ಅಮ್ಮಾ, ಅವರ ಮೈಕ್ ಆನ್ ಮಾಡು."

"ಮಾತೇ ಬರಲ್ವಲ್ಲ ಅಕ್ಕಾ..."

"ಮಾಡು, ನೋಡೋಣ."

ಮತ್ತೆ ಮೊದಲಿನಿಂದ ನುಡಿಸಿ, ಅದೇ ಜಾಗದಲ್ಲಿ ಮೇಡಂ ಕಮಾನು ತಡೆದರು. ದನಿಯೊಂದು ಮುಂದುವರಿಯಿತು. ಒರಟಾಗಿ, ಪದವಿಲ್ಲದೆ, ಆದರೆ ಶ್ರುತಿ ತಪ್ಪದೆ ಮೇಷ್ಟ್ರು ತಮ್ಮ ಪಾಲನ್ನು ಹಾಡುತ್ತಿದ್ದರು. ಹಾಡು ಅಲ್ಲಲ್ಲಿ ನಿಲ್ಲುತ್ತಿತ್ತು. ನಿಂತಲ್ಲೆಲ್ಲ ಎರಡನೆಯ ಪಿಟೀಲಿಗೆ ಜಾಗ ಬಿಟ್ಟಿತ್ತು. ಮೇಡಂ ತಮ್ಮ ಮೈಕ್ ಮುಚ್ಚಿ ಆ ಜಾಗಗಳನ್ನು ತುಂಬಿದರು. ಯಾರಿಗೂ ಅದು ಕೇಳಿಸಲಿಲ್ಲ; ಕಮಾನು ಆಡುವುದನ್ನೂ ಕಣ್ಣೀರು ಹರಿಯುವುದನ್ನೂ ನರ್ಸ್ ಪರದೆಯಲ್ಲಿ ಕಂಡರು.

"ಏನ್ರೀ, ಇಷ್ಟು ದಿನ ಈ ದನೀನ ಎಲ್ಲಿಟ್ಟಿದ್ರಿ?" ಎಂದು ಹೆಂಡತಿ ಬಿಕ್ಕಿದರು. ಅಧಿಕಾರಿ ತಮ್ಮ ಪಿಟೀಲನ್ನು ಕೆಳಗಿಳಿಸಿ, "ಮೇಷ್ಟ್ರೇ, ನೀವೇ ಮುಂದೆ ನಡೀರಿ. ನಾನು ಹಿಂದೆ ಬರ್ತೀನಿ" ಎಂದರು.

ಮಾತು ಹೋದವರಲ್ಲೂ ಹಾಡು ಉಳಿಯುವುದುಂಟು, ಇದೇನು ಪವಾಡವಲ್ಲ ಎಂದು ವೈದ್ಯರು ಹೇಳಿದರು. ಆ ಬಲಗೈ ಕಮಾನು ಹಿಡಿಯಲೇ ಇಲ್ಲ. ಆದರೆ ಶಾಲೆ ಮತ್ತೆ ತೆರೆಯುವವರೆಗೂ ಆ ತಂಡದಲ್ಲಿ ವಯೋಲಾದ ಪಾಲನ್ನು ಮೇಷ್ಟ್ರು ಹಾಡಿದರು. ಅಧಿಕಾರಿ ಕಾಯುವುದನ್ನು ಕಲಿತರು. ಮೇಡಂ ಮರಳಿ ತಮಗಾಗಿಯೂ ಪಿಟೀಲು ಎತ್ತಿಕೊಂಡರು. ಛಾವಣಿ ರಿಪೇರಿಯಾದ ಮೇಲೂ, ಮೆಟ್ಟಿಲು ಹತ್ತಲಾರದವರ ಸಲುವಾಗಿ ಆ ಕಾರ್ಯಾಗಾರ ನಿಲ್ಲಕೂಡದೆಂದು ಆಡಳಿತದ ಮುಂದೆ ಹಟ ಹಿಡಿದು ಗೆದ್ದವರೂ ಅವರೇ.

ಈಗಲೂ ವಾರಕ್ಕೊಮ್ಮೆ ಮೇಡಂ ಮೇಷ್ಟ್ರ ಮನೆಗೆ ಹೋಗುತ್ತಾರೆ. ಮೊದಲ ಪಿಟೀಲಿಲ್ಲ, ಚೆಲ್ಲೊ ಇಲ್ಲ. ಬರಿಯ ಎರಡು ನಡುದನಿಗಳು. ಬೀದಿಯಲ್ಲಿ ಹೋಗುವವರಿಗೆ ಅದು ಯಾವ ಕೃತಿಯೆಂದೇ ತಿಳಿಯದು. ಪಾಠದ ಕೋಣೆಯಿಂದ ಬಿಡುಗಡೆ ಹೊಂದುತ್ತಿರುವ ಈ ಹಿರಿಯ ಜೀವಕ್ಕೆ ಗಟ್ಟಿಮುಟ್ಟಾದ ಕೈಯೂ ದೀರ್ಘವಾದ ಆಯುಷ್ಯವೂ ಇರಲಿ, ಅವರಿಂದ ಕಲಿಯುವವರ ಸಾಲು ಎಂದೂ ಕಡಿಯದಿರಲಿ ಎಂದು ಶಿಷ್ಯವರ್ಗ ತಲೆಬಾಗಿ ಹಾರೈಸುತ್ತದೆ. ಆ ಮನೆಯಲ್ಲಿ ವಾರವಾರವೂ ನುಡಿಸಿ ಮುಗಿಸಿ ಮೇಡಂ ಕಮಾನು ಇಳಿಸಿದಾಗ ಮೇಷ್ಟ್ರು, ಮರಳಿ ಬಂದ ಕೆಲವೇ ಮಾತುಗಳಲ್ಲಿ ಒಂದನ್ನು ತಡೆತಡೆದು ಆಡುತ್ತಾರೆ: "ಇನ್ನೊಂದ್ಸಲ."