ಕತ್ತರಿಸಿದ ಹಸಿರು ವೈರ್

ನಾನು ಮೊದಲಿನಿಂದಲೂ ಪುಕ್ಕಲ. ಸಾಲೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ನಿಲ್ಲುವ ಮಾಸ್ತರ, ಮನೆಯಲ್ಲಿ ಫ್ಯೂಸ್ ಹೋದರೆ ಹೆಂಡತಿಯನ್ನು ಕರೆಯುತ್ತಾನೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಅಂಥವನು ಗಿಟಾರಿಗೆಂದು ಒಳಗೆ ನೂರಾರು ವೋಲ್ಟ್ ಹರಿಯುವ ವಾಲ್ವ್ ಆಂಪ್ಲಿಫೈಯರ್ ಮನೆಗೆ ತಂದದ್ದೇ ಒಂದು ಹುಚ್ಚು.

ಅದನ್ನು ಕಟ್ಟಿಕೊಟ್ಟವರು ಗೋಕಾಕದ ರೇಡಿಯೋ ಕಾಕಾ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡುವವರು ನನಗೆ ಗೊತ್ತಿದ್ದಂತೆ ಈ ಕಡೆ ಅವರೊಬ್ಬರೇ. ಯಾವುದೋ ಟೂರಿಂಗ್ ಟಾಕೀಸಿನ ಆಂಪ್ಲಿಫೈಯರನ್ನು ಬಿಚ್ಚಿ ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಹೊಂದುವಂತೆ ಮಾಡಿದ್ದರು. ಗಾಜಿನ ವಾಲ್ವುಗಳು ಕಾದು ಕೆಂಪಗೆ ಹೊಳೆಯುವಾಗ ನಾನು ಎರಡು ಮಾರು ದೂರ ನಿಂತಿರುತ್ತಿದ್ದೆ. "ಒಳಗ ಕೈ ಹಾಕೂ ಮುಂದ ಇನ್ನೊಂದ ಕೈ ಕಿಸೇದಾಗ ಇರಬೇಕ ತಮ್ಮಾ," ಎನ್ನುತ್ತಿದ್ದರು ಕಾಕಾ. "ಎರಡೂ ಕೈ ಹಾಕಿದಿ ಅಂದ್ರ ಕರೆಂಟ್ ಎದಿ ಹಾದು ಹೋಗತೈತಿ." ಅವರ ಬಲಗೈಯ ಎರಡು ಬೆರಳಿಗೆ ಇವತ್ತಿಗೂ ಸ್ಪರ್ಶವಿಲ್ಲ.

ಇಷ್ಟೆಲ್ಲ ಯಾಕೆ ಬೇಕಿತ್ತೆಂದರೆ, ನನ್ನ ಹೆಂಡತಿ ವಚನ ಹಾಡುತ್ತಾಳೆ. ಹುಕ್ಕೇರಿಯ ಬಳಗವೊಂದು ಭಾನುವಾರದ ಕಾರ್ಯಕ್ರಮಕ್ಕೆ ಆಕೆಯನ್ನು ಕರೆದು, ಅಭ್ಯಾಸಕ್ಕೆಂದು ತನ್ನ ಮೈಕನ್ನೂ ಸ್ಪೀಕರನ್ನೂ ಕೊಟ್ಟಿತ್ತು. ಹಾರ್ಮೋನಿಯಂ ಬದಲು ನನ್ನ ಗಿಟಾರ್ ಸಾಥ್. ಅಲ್ಲಿಯ ಹಿರಿಯರು ಒಪ್ಪಿದ್ದು ಒಂದೇ ಕರಾರಿನ ಮೇಲೆ: ಗಿಟಾರ್ ಚೀರಬಾರದು, ವಚನದ ಒಂದಕ್ಷರವೂ ಮುಚ್ಚಿಹೋಗಬಾರದು.

ಹೀಗಾಗಿ ಮೂಡಲಗಿಯ ನಮ್ಮ ಮನೆಯಲ್ಲಿ ವಾರವಿಡೀ ಶುದ್ಧ ದನಿಯ ಹುಡುಕಾಟ ನಡೆಯಿತು. ವಾಲ್ವ್ ಪೆಟ್ಟಿಗೆಗೆ ಸ್ವಲ್ಪ ಹೆಚ್ಚು ಒತ್ತಡ ಕೊಟ್ಟರೂ ದನಿ ಒಡೆದು ಕರಕರ ಎನ್ನುತ್ತದೆ. ಒಡೆಯುವುದಕ್ಕಿಂತ ಒಂದು ಕೂದಲೆಳೆ ಹಿಂದೆ ನಿಲ್ಲಿಸಿದರೆ ಮಾತ್ರ ಅದರ ರುಚಿ. ವಿಳಂಬದ ವಚನಕ್ಕೆ ಪೆಟ್ಟಿಗೆಯ ವಾಲ್ಯೂಮ್ ಕಡಿಮೆ ಇಟ್ಟು, ಬಾಸ್ ತುಸು ಏರಿಸಿ, ಗಿಟಾರಿನ ಕತ್ತಿನ ಕಡೆ ಮೀಟಿದೆ. ತುಂಬಿದ ಕೊಡ ತಟ್ಟಿದಂಥ ದುಂಡು ದನಿ ಬಂತು. ಚುರುಕಿನದಕ್ಕೆ ಟ್ರೆಬಲ್ ಏರಿಸಿ ಗಿಟಾರಿನ ವಾಲ್ಯೂಮ್ ಗುಂಡಿಯನ್ನೇ ಅರ್ಧಕ್ಕಿಳಿಸಿದೆ. ತೆಳ್ಳಗೆ, ಬಿಡಿಬಿಡಿಯಾಗಿ ಕೇಳಿತು. ಎಲ್ಲರೂ ಕೂಡಿ ಹಾಡುವುದಕ್ಕೆ ಬೇಕಾದ ಮೂರನೆಯ ದನಿ ಮಾತ್ರ ಸಿಗಲಿಲ್ಲ. ಅದಕ್ಕೆ ಪೆಟ್ಟಿಗೆಯ ವಾಲ್ಯೂಮ್ ಏರಿಸಬೇಕು, ಏರಿಸಿದರೆ ಒಡೆಯುತ್ತಿತ್ತು. ಮೇಲಾಗಿ ಎಲ್ಲದರ ತಳದಲ್ಲಿ ಒಂದು ಗುಂಯ್ ಎನ್ನುವ ಸದ್ದು.

ಆ ಗುಂಯ್ ನನ್ನ ತಲೆ ಕೆಡಿಸಿತು. ಪ್ಲಗ್ಗಿನ ಅರ್ಥಿಂಗ್ ವೈರ್ ತೆಗೆದರೆ ಸದ್ದು ನಿಲ್ಲುತ್ತದೆಂದು ಯಾರೋ ಆರ್ಕೆಸ್ಟ್ರಾದವರು ಹಿಂದೊಮ್ಮೆ ಹೇಳಿದ್ದರು. ಪ್ಲಗ್ ಕಿತ್ತು, ಬಿಚ್ಚಿ, ಹಸಿರು ವೈರನ್ನು ಕತ್ತರಿಸಿದೆ. ಅಂಜುಬುರುಕನಾದ ನಾನು ಅವತ್ತು ಒಂದು ಕೈ ಕಿಸೆಯಲ್ಲಿಟ್ಟುಕೊಂಡೇ ಆ ಕೆಲಸ ಮಾಡಿದ್ದೆ. ಮತ್ತೆ ಹಚ್ಚಿದಾಗ ಗುಂಯ್ ಮಾಯ! ಗೆದ್ದೆನೆಂದುಕೊಂಡೆ.

ಮಾರನೆಯ ದಿನ ಹೆಂಡತಿ, "ತಂತಿ ಮುಟ್ಟಿದ್ರ ಜುಮ್ ಅಂತೈತ್ರಿ," ಎಂದಳು. ನಾನಿಲ್ಲದಾಗ ಆಕೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ತಂತಿ ಮೀಟಿ ಶ್ರುತಿ ಹಿಡಿದು ಹಾಡುತ್ತಿದ್ದಳು.

"ಹೊಸಾ ತಂತಿ ಅದಾವ, ಹಂಗ ಆಗತೈತಿ. ರೂಢಿ ಮಾಡ್ಕೊ," ಎಂದು ಗದರಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಾಲು ಜಮಖಾನೆಯ ಮೇಲಿಟ್ಟು ಬಾರಿಸುವ ನನಗೆ ಏನೂ ತಗುಲಿರಲಿಲ್ಲ.

ಆಮೇಲೆ ಆಕೆ ಮರದ ಮಣೆ ಹಾಕಿಕೊಂಡು ಕೂರತೊಡಗಿದಳು. ಕೇಳಿದರೆ ನೆಲ ತಣ್ಣಗೈತಿ ಎಂದಳು. ಮೈಕಿಗೆ ಹಳೇ ಸೀರೆಯ ತುಂಡು ಸುತ್ತಿದಳು. ಅದು ಬಳಗದವರ ಮೈಕು, ಎಲ್ಲರ ಬಾಯಿ ಎಂಜಲು ಎಂದಳು. ಶನಿವಾರ ಮುಂಜಾನೆ ಗೋಕಾಕಕ್ಕೆ ಹೊರಟಾಗ ಆ ಬಟ್ಟೆ ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಕಿತ್ತು ಮೂಲೆಗೆ ಒಗೆದೆ. "ಅಕ್ಷರ ಮಬ್ಬಾಗತಾವ. ಇವತ್ತ ತುಟಿ ಹಚ್ಚಿ ಹಾಡು, ನಾ ಬಂದು ಕೇಳತೇನಿ." ಮಣೆಯನ್ನೂ ಕಾಲಿಂದ ಸರಿಸಿದೆ.

ಗೋಕಾಕಕ್ಕೆ ಹೋದದ್ದು ಆ ಮೂರನೆಯ ದನಿಗಾಗಿ. ಮೊದಲ ವಾಲ್ವ್ ಬದಲಿಸಿ ಕಡಿಮೆ ಜೋರಿನದನ್ನು ಹಾಕಿದರೆ, ವಾಲ್ಯೂಮ್ ಏರಿಸಿದರೂ ದನಿ ಒಡೆಯುವುದಿಲ್ಲವೆಂದು ಕಾಕಾ ಫೋನಿನಲ್ಲಿ ಹೇಳಿದ್ದರು. ಅವರು ವಾಲ್ವ್ ಹುಡುಕುತ್ತಿದ್ದಾಗ ನಾನು ಹೆಮ್ಮೆಯಿಂದ ಗುಂಯ್ ಹೋಯಿತೆಂದೆ.

"ಹೆಂಗ ಹೋತು?"

"ಹಸರ ವೈರ್ ಕತ್ತರಿಸಿದೆ."

ಕಾಕಾ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟರು. "ಮಶೀನ್ ಹಳೇದೈತಿ ತಮ್ಮಾ. ತಗಡಿಗಿ, ಗಿಟಾರದ ತಂತಿಗಿ ಕರೆಂಟ್ ಸೋರಿದ್ರ ನೆಲಕ್ಕ ಇಳಿಯಾಕ ಅದೊಂದ ದಾರಿ. ಆ ದಾರಿ ಕತ್ತರಿಸಿದ್ರ ಮನಶ್ಯಾನ ಹಾದ ಇಳಿತೈತಿ. ತಂತಿ ಹಿಡದ ಯಾರರ ಮೈಕಿಗಿ ಬಾಯಿ ಹಚ್ಚಿದ್ರ ಮುಗೀತು. ಮನ್ಯಾಗ ಯಾರದಾರ?"

ಗೋಡೆಯ ಗಡಿಯಾರ ನೋಡಿದೆ. ಹತ್ತು ಗಂಟೆ. ಆಕೆ ದೇವರ ಮನೆಯ ಮುಂದಿನ ಹಾಸುಗಲ್ಲು ತೊಳೆದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಆ ಹಸಿ ನೆಲದ ಮೇಲೇ ಹಾಡಲು ಕೂರುವ ಹೊತ್ತು. ಬರಿಗಾಲು, ಒದ್ದೆ ಕೂದಲು. ತೊಡೆಯ ಮೇಲೆ ಗಿಟಾರ್. ತುಟಿ ಹಚ್ಚಿ ಹಾಡು ಎಂದು ಹೇಳಿ ಬಂದವನು ನಾನೇ.

ಫೋನ್ ಹಚ್ಚಿದೆ. ರಿಂಗ್ ಆಗಿ ಆಗಿ ನಿಂತಿತು. ಹಾಡುವಾಗ ಆಕೆ ಫೋನಿನ ಸದ್ದು ಬಂದ್ ಮಾಡಿ ಒಳಗಿಡುತ್ತಾಳೆ. ಬಾಜೂ ಮನೆಯವರು ಊರಲ್ಲಿರಲಿಲ್ಲ. ಕಾಕಾ ಫೋನ್ ಇಸಿದುಕೊಂಡು ಮತ್ತೊಮ್ಮೆ ಹಚ್ಚಿದರು. ಆಗಲೂ ಎತ್ತಲಿಲ್ಲ. "ನಡಿ," ಎಂದು ಅಂಗಡಿ ತೆರೆದದ್ದು ತೆರೆದಂತೆಯೇ ಬಿಟ್ಟು ಮೋಟಾರ್ ಸೈಕಲ್ ತೆಗೆದರು.

ದಾರಿಯಲ್ಲಿ ಸೇತುವೆಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಕಾಕಾ ಹಾರ್ನ್ ಹೊಡೆದೇ ಹೊಡೆದರು, ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಎಲ್ಲಿ ಸರಿಯಬೇಕು? ನಾನು ಹಿಂದೆ ಕೂತು ಫೋನ್ ಹಚ್ಚುತ್ತಲೇ ಇದ್ದೆ. ನಾಗನೂರ ದಾಟುವಾಗ ಒಂದು ಸಲ ರಿಂಗ್ ನಡುವೆಯೇ ನಿಂತಿತು; ಎತ್ತಿದಳೆಂದು ಹೋದ ಜೀವ ಬಂದಂತಾಯಿತು. ನೆಟ್‌ವರ್ಕ್ ಹೋಗಿತ್ತು ಅಷ್ಟೇ. ಬಸವಣ್ಣಾ, ನನ್ನ ಕೈ ಬೇಕಾದರೆ ಸುಡು, ಆಕೆ ಒಬ್ಬಾಕೆ ಕೂತಾಳ ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ. ಕಾಕಾ ತಿರುಗಿ ನೋಡಲಿಲ್ಲ.

ಮನೆಯ ಬಾಗಿಲು ಚಿಲಕವಿಲ್ಲದೆ ಮುಂದೆ ಮಾಡಿತ್ತು. ಒಳಗಿಂದ ಗಿಟಾರಿನ ಸದ್ದಿಲ್ಲ, ಮೈಕಿನ ಸದ್ದಿಲ್ಲ. ಬಾಗಿಲಲ್ಲೇ ನಿಂತುಬಿಟ್ಟೆ. ಸಾಲೆಯಲ್ಲಿ ನೂರು ಮಕ್ಕಳನ್ನು ಗಪ್ಪಾಗಿಸುವ ಗಂಟಲಿನಿಂದ ಹೆಂಡತಿಯನ್ನು ಕರೆಯಲೂ ಆಗಲಿಲ್ಲ. ಕಾಕಾ ನನ್ನನ್ನು ಸರಿಸಿ ಬಾಗಿಲು ನೂಕಿದರು.

ಆಕೆ ಮಣೆಯ ಮೇಲೆ ಕೂತಿದ್ದಳು. ಗಿಟಾರ್ ಗೋಡೆಗೆ ಆನಿಸಿತ್ತು. ಆಂಪ್ಲಿಫೈಯರಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಮೈಕನ್ನು ಮತ್ತೆ ಸುತ್ತಿದ ಬಟ್ಟೆ ಸಮೇತ ದೂರವಿಟ್ಟು, ತೊಡೆಗೆ ತಾಳ ಹಾಕುತ್ತ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಅತ್ತುಬಿಟ್ಟೆ.

ನನ್ನನ್ನು ಕಂಡೊಡನೆ ಆಕೆ ದಡಬಡಿಸಿ ಎದ್ದು ಮೈಕಿನ ಬಟ್ಟೆ ಬಿಚ್ಚತೊಡಗಿದಳು. "ಈಗ ಹಚ್ಚಾಕಿ ಇದ್ನಿರಿ, ಸಿಟ್ಟಾಗಬ್ಯಾಡ್ರಿ..."

"ಮುಟ್ಟಬ್ಯಾಡವಾ, ಅದನ್ನ ಮುಟ್ಟಬ್ಯಾಡ," ಎಂದರು ಕಾಕಾ.

ಎಷ್ಟು ದಿನದಿಂದ ಪ್ಲಗ್ ತೆಗೆದು ಹಾಡುತ್ತಿದ್ದಿ ಎಂದು ಕೇಳಿದೆ. ನೀವು ಮನೆಯಲ್ಲಿ ಇಲ್ಲದಾಗೆಲ್ಲ ಎಂದಳು. ಒಂದು ಸಲ ತುಟಿಗೆ ಚುರುಕ್ ಎಂದು ಹೊಡೆದು ಕಣ್ಣು ಕತ್ತಲೆ ಬಂದಿತ್ತಂತೆ. ಬಟ್ಟೆ, ಮಣೆ ಎಲ್ಲ ಅದಕ್ಕೇ.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲರಿ," ಎಂದಳು. "ಗದರಿದ್ರಿ. ಕರೆಂಟಿಗಿ ಅಂಜಿದ್ರ ಪ್ಲಗ್ ಕೀಳಬೋದು. ನಿಮಗ ಅಂಜಿದ್ರ ಏನ್ ಮಾಡಲಿ?"

ಕಾಕಾ ಪ್ಲಗ್ ಬಿಚ್ಚಿ ಹಸಿರು ವೈರ್ ಜೋಡಿಸಿದರು, ತಗಡಿಗೆ ಕರೆಂಟ್ ಸೋರಿಸುತ್ತಿದ್ದ ಹಳೇ ಕಂಡೆನ್ಸರ್ ಕಿತ್ತರು, ಹಿತ್ತಲಿಗೆ ಹೋಗಿ ಆ ವೈರ್ ನೆಲಕ್ಕಿಳಿಯುವ ಅರ್ಥಿಂಗ್ ಕುಣಿ ನೋಡಿದರು. ನಾವು ವರ್ಷಗಟ್ಟಲೆ ನೀರು ಹಾಕದ ಕುಣಿ ಒಣಗಿ ಬಿರಿದಿತ್ತು. ಎರಡು ಕೊಡ ನೀರು, ಒಂದು ಬೊಗಸೆ ಉಪ್ಪು ಹಾಕಿಸಿದರು. ಗುಂಯ್ ತಗ್ಗಿತು, ಪೂರ್ತಿ ಹೋಗಲಿಲ್ಲ.

ಭಾನುವಾರ ಹುಕ್ಕೇರಿಯಲ್ಲಿ ಮೂರೂ ದನಿ ಬಂದವು. ಕಾಕಾ ಮುಂಜಾನೆಯೇ ತಂದು ಹಾಕಿದ ಹೊಸ ವಾಲ್ವಿನಿಂದ ದನಿ ಒಡೆಯಲಿಲ್ಲ, ಒಂದಕ್ಷರವೂ ಮುಚ್ಚಿಹೋಗಲಿಲ್ಲ. ಹಿರಿಯರೊಬ್ಬರು ಮಾತ್ರ ತಳದಲ್ಲಿ ಏನೋ ಗುಂಯ್ ಅಂತೈತಿ ಎಂದರು. ಇರಲಿ ಬಿಡ್ರಿ ಎಂದೆ.

ಈಗ ಹಾಡುವ ಮೊದಲು ನಾನೇ, ಕಾಕಾ ಕಲಿಸಿದಂತೆ, ಬೆರಳ ಹಿಂಬದಿಯಿಂದ ತಂತಿ ಮುಟ್ಟಿ, ಮೈಕು ಮುಟ್ಟಿ ತೋರಿಸುತ್ತೇನೆ. ಆಕೆ ನನ್ನ ಬೆರಳನ್ನು ನೋಡುವುದಿಲ್ಲ. ನನ್ನ ಮುಖ ನೋಡಿ, ಸಿಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಮೈಕಿನ ಹತ್ತಿರ ಬರುತ್ತಾಳೆ.