ಅಂಗೈಯ ಬೆಳಕು

ಬನಹಟ್ಟಿಯ ಆ ಓಣಿಯಲ್ಲಿ ಬೆಳಗಾಯಿತೆಂದರೆ ಮಗ್ಗಗಳ ಖಟಪಟ ಶುರುವಾಯಿತೆಂದೇ ಅರ್ಥ. ಶಂಕರೆಪ್ಪ ಹೆಂಡತಿಯೊಂದಿಗೆ ಹಿತ್ತಲಿನ ಮಗ್ಗದ ಶೆಡ್ಡಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಇಬ್ಬರೇ: ಕಣ್ಣಿಗೆ ಪೊರೆ ಬಂದ ಅವನ ತಾಯಿ ಸಾವಿತ್ರೆವ್ವ, ಮತ್ತು ಜಮಖಂಡಿಯಲ್ಲಿ ಬಿ.ಕಾಂ. ಮುಗಿಸಿ, ಇತ್ತ ಮಗ್ಗಕ್ಕೂ ಇಳಿಯದೆ ಅತ್ತ ಕೆಲಸಕ್ಕೂ ಸೇರದೆ ಉಳಿದ ಮಗ ಈಶ್ವರ.

ಈಶ್ವರ ಏಳುತ್ತಲೇ ಗೋಡೆಗೆ ಆತು ಚಕ್ಕಳಮಕ್ಕಳ ಹಾಕಿ, ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂತುಬಿಡುತ್ತಿದ್ದ. ಸಾವಿತ್ರೆವ್ವ ಜೀವಮಾನವೆಲ್ಲ ಹಾಗೆಯೇ ಕೂತು ಇಷ್ಟಲಿಂಗ ಪೂಜೆ ಮಾಡಿದವಳು. ಅವಳ ಮಬ್ಬುಗಣ್ಣಿಗೆ ಮೊಮ್ಮಗ ಕೂತ ರೀತಿ ಕಂಡಿತು, ಕೈಯಲ್ಲಿದ್ದದ್ದು ಕಾಣಲಿಲ್ಲ. "ಸಣ್ಣ ವಯಸ್ಸಿನ್ಯಾಗ ಎಂಥಾ ಭಕ್ತಿ ಬೇ! ಅಂಗೈಯಾಗ ಬೆಳಕ ಮೂಡತೈತಿ," ಎಂದು ಪಕ್ಕದ ಮನೆಯ ಇಂದ್ರವ್ವನ ಮುಂದೆ ಹೊಗಳಿದ್ದೇ ಹೊಗಳಿದ್ದು. ಬೆಳಕೇನೋ ಇತ್ತು ಬಿಡಿ, ಮೊಬೈಲಿನದು.

ಶಂಕರೆಪ್ಪ ಮಗನಿಗೆ ಬೈದು ಬೈದು ಕೈಬಿಟ್ಟಿದ್ದ. ತಾಯಿಗಿರುವ ಒಂದು ಸಂತೋಷವನ್ನು ಯಾಕೆ ಕೆಡಿಸುವುದು ಎಂದು ಅವಳ ಮುಂದೆ ಬಾಯಿ ಬಿಡಲಿಲ್ಲ. ಈಶ್ವರನಿಗೆ ಅದೇ ಅನುಕೂಲವಾಯಿತು. "ಪೂಜಾಕ್ಕ ಕುಂತಾನ, ಯಾರೂ ಮಾತಾಡಸಬ್ಯಾಡ್ರಿ," ಎಂದು ಅವನ ಆಯಿ, ಅಜ್ಜಿ ಸಾವಿತ್ರೆವ್ವನೇ, ಬಾಗಿಲು ಕಾಯುತ್ತಿದ್ದಳು. ಎಂಥ ಕಾವಲು ನೋಡಿ!

ಹುಡುಗ ಸುಖವಾಗಿದ್ದನೆಂದು ತಿಳಿಯಬೇಡಿ. ರೀಲ್ ಮೇಲೆ ರೀಲ್ ಸರಿಸುತ್ತಿದ್ದ, ಒಂದಕ್ಕೂ ನಗು ಬರುತ್ತಿರಲಿಲ್ಲ. ಗೆಳೆಯ ಬಸವಕುಮಾರನ ಮದುವೆ ಇಲ್ಲೇ ತೇರದಾಳದಲ್ಲಿ ಆಯಿತು. ಹೋಗಲಿಲ್ಲ, ಫೋಟೋಗಳಿಗೆಲ್ಲ ಹಾರ್ಟ್ ಒತ್ತಿದ. ಎಲ್ಲರೂ ಮುಂದೆ ಹೋದರು, ತಾನೊಬ್ಬ ಇಲ್ಲೇ ಉಳಿದೆ ಎಂಬ ಸಂಕಟ. ಆ ಸಂಕಟ ಮರೆಯಲು ಮತ್ತೆ ಅದನ್ನೇ ತೆರೆಯುವುದು. ಆ್ಯಪ್ ಅಳಿಸುವುದು, ಸಂಜೆಯೊಳಗೆ ಮತ್ತೆ ಹಾಕಿಕೊಳ್ಳುವುದು. ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಇದನ್ನು ಬಿಡುವುದು ತನ್ನ ಕೈಯಲ್ಲಿ ಆಗುತ್ತಿಲ್ಲ ಎಂದು ಯಾರಿಗಾದರೂ ಹೇಳಬೇಕೆನಿಸುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಅಲ್ಲೇ ನುಂಗುತ್ತಿದ್ದ. ಅವನಿಗೆ ಸಾಕುಸಾಕಾಗಿ ಹೋಗಿತ್ತು.

ಕಣ್ಣಿನ ಆಪರೇಶನ್ನಿಗೆ ಹೋಗುವ ಹಿಂದಿನ ದಿನ ಬೆಳಿಗ್ಗೆ ಸಾವಿತ್ರೆವ್ವ ಮೊಮ್ಮಗನ ಎದುರಿಗೆ ಬಂದು ಕೂತಳು.

"ಈಶ್ವರಾ, ನನ್ನ ಪೂಜಾ ಹಳೇದಾತು. ನಿನ್ನ ಮಾತ ಶಿವಾ ಕೇಳ್ತಾನ. ನನ್ನ ಕಣ್ಣಿನ ಸಲುವಾಗಿ ಒಂದೀಟು ಬೇಡ್ಕೋಪಾ," ಎಂದು ಕೈ ಮುಗಿದಳು.

ಆ ಕೈ ಮುಗಿದದ್ದು ತನಗೆ! ಈಶ್ವರ ಮೊಬೈಲಿನ ಬೆಳಕು ಆರಿಸಿದ.

"ಆಯಿ, ಇದು ಲಿಂಗ ಅಲ್ಲ. ಮೊಬೈಲ್. ದಿನಾ ಇದನ್ನ ನೋಡ್ಕೋತ ಕುಂದರತಿದ್ದೆ."

ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದ. ಮುದುಕಿ ಬೈಯಲಿಲ್ಲ. ತಡಕಾಡಿ ಅವನ ಕೈ ಹಿಡಿದಳು.

"ಶಿವನ ಸಂಗಾಟ ಅದಾನ ಅಂತ ತಿಳದು ಯಾರನ್ನೂ ನಿನ್ನ ಹತ್ರ ಬಿಡಲಿಲ್ಲಲ್ಲೋ ನಾ. ಇಷ್ಟ ದಿನ ನೀ ಒಬ್ಬನ ಕುಂತಿದ್ದಿಯೇನು?"

"ಹೂಂ ಆಯಿ, ಒಬ್ಬನ," ಎಂದ ಈಶ್ವರ. "ಬಿಡಬೇಕಂದ್ರೂ ಬಿಡಾಕ ಆಗವಲ್ದು."