ಗುಡಿಯ ಮುಂದಿನಿಂದ ತಿರುಗಿ ಬಂದವರು

ಕೇದಾರದ ದಾರಿಯಲ್ಲಿ, ಗರುಡಚಟ್ಟಿ ದಾಟಿದ ಮೇಲಿನ ತಿರುವಿನಲ್ಲಿ ಬಂಡೆಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ಬಿಸಿಲು ಇನ್ನೂ ದಾರಿಗೆ ಇಳಿದಿರಲಿಲ್ಲ. ಎರಡು ಮಾರು ದೂರದಲ್ಲಿ ನಮ್ಮ ಪೀಟಿ ಮಾಸ್ತರು ಮೊಣಕಾಲೂರಿ ನನ್ನ ಅಣ್ಣನ ಬೆನ್ನಿಗೆ ಕಿವಿ ಹಚ್ಚಿದ್ದರು. ಆ ಕಿವಿಗೆ ತುದಿ ಇರಲಿಲ್ಲ. ಸೈನ್ಯದಲ್ಲಿದ್ದಾಗ ಹಿಮ ತಿಂದಿತ್ತು.

ಸೈನ್ಯ ಬಿಟ್ಟು ಬಂದ ಮೇಲೆ ನಮ್ಮೂರು ಮಸೂತಿಯ ಶಾಲೆಯಲ್ಲಿ ನಮಗೆಲ್ಲ ಕಬಡ್ಡಿ ಕಲಿಸಿದವರು ಅವರು. ಅಣ್ಣ ಅವರ ಅಚ್ಚುಮೆಚ್ಚಿನ ಆಟಗಾರ. ತಾಳಿಕೋಟೆಯ ಪಂದ್ಯಗಳಲ್ಲಿ ಅವನಷ್ಟು ದಮ್ಮು ಹಿಡಿಯುವವರು ಇರಲಿಲ್ಲ. ಕೇದಾರಕ್ಕೆ ಹೊರಡುವ ಮುಂಚೆ ಮಾಸ್ತರು ನಮ್ಮ ತಂಡವನ್ನು ದಿನಾ ಮುಂಜಾನೆ ಶಾಲೆಯ ಮೈದಾನದಲ್ಲಿ ನಡೆಸಿದರು. ಎರಡು ಹೆಜ್ಜೆಗೆ ಮೂಗಿನಿಂದ ಉಸಿರು ಒಳಗೆ, ಮೂರು ಹೆಜ್ಜೆಗೆ ತುಟಿ ಕಿರಿದು ಮಾಡಿ ಹೊರಗೆ. ಏರು ಹೆಚ್ಚಾದರೆ ಹೆಜ್ಜೆ ಸಣ್ಣದಾಗಬೇಕು, ಉಸಿರಲ್ಲ.

"ಕಪ್ಪು-ಬಸ್ಯಾಗಿನ ಬಿಸಿ ಚಾ ಊದಿದಂಗ ಊದ್ರಿ!"

"ಚಾ ಎಲ್ಲೈತ್ರಿ ಮಾಸ್ತರ್ರ?" ಎಂದರು ಅಣ್ಣನ ಹೆಂಡತಿ, ನಮ್ಮ ವೈನಿ.

"ಕೇದಾರದಾಗ ಐತಿ. ಊದಿಕೋತ ಬಂದವರಿಗಷ್ಟ!"

ಅಣ್ಣ ನಕ್ಕ. "ದಮ್ಮಿನ ಮಾತು ನನಗ ಹೇಳ್ತೀರೇನ್ರಿ?"

"ನಿನಗ ಹಿಡಿಯಾಕ ಕಲಿಸೇನಿ ಮಗನ. ಬಿಡಾಕ ಇನ್ನೂ ಕಲಿಸಿಲ್ಲ."

ಅವನು ಕಲಿಯಲಿಲ್ಲ. ಏರಿನಲ್ಲಿ ಕಬಡ್ಡಿಯನ್ನೇ ಆಡಿದ: ಉಸಿರು ಬಿಗಿಹಿಡಿದು ಮುಂದಿನ ತಿರುವಿನವರೆಗೆ ಓಡುವುದು, ಅಲ್ಲಿ ಏದುತ್ತ ಕೂಡುವುದು. ಗರುಡಚಟ್ಟಿಯಲ್ಲಿ ತಂಗಿದ ರಾತ್ರಿ ಮಲಗಲಾರದೆ ಕೂತೇ ಇದ್ದನಂತೆ, ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಆ ತಿರುವಿನಲ್ಲಿ ಕುಸಿದ. ತುಟಿ ನೀಲಿಯಾಗಿತ್ತು. ಕೆಮ್ಮಿದಾಗ ಬಂದ ನೊರೆಯಲ್ಲಿ ಕೆಂಪು ಇತ್ತು. ಮಾಸ್ತರು ಕೂಡಿಸಿ, ತಾವೂ ಜೊತೆಗೆ ಊದುತ್ತ ಊದಿಸಿದರು. ಏದುಸಿರು ತಗ್ಗಲಿಲ್ಲ. ಆಗ ಬೆನ್ನಿಗೆ ಕಿವಿ ಹಚ್ಚಿದರು.

"ಎದ್ಯಾಗ ನೀರ ತುಂಬೇತಿ. ಈಗಿಂದೀಗ ತೆಳಗ ಒಯ್ಯಬೇಕು."

ತಂಡದ ಹಿರಿಯರಾದ, ಇಂಡಿ ಊರಿನ ಗೌಡರು ಅಡ್ಡ ನಿಂತರು. "ಗುಡಿ ಗಂಟಿ ಕೇಳಾಕತ್ತೈತಿ. ಇಲ್ಲಿತನಕ ಬಂದು ದೇವರಿಗೆ ಬೆನ್ನ ತೋರಸ್ತೀರಿ? ನಿಮ್ಮ ಊದೂದು ಏನಾತ್ರಿ?"

"ಉಸಿರು ಹೆಂಗ ತಗೋಬೇಕು ನಾ ಕಲಸ್ತೇನ್ರಿ ಗೌಡ್ರ. ಇಲ್ಲದ ಗಾಳಿ ಎಲ್ಲಿಂದ ತರ್ಲಿ?"

"ಇಲ್ಲಿ ಜೀವ ಹೋದ್ರ ಪುಣ್ಯಾರಿ."

"ಹಂಗಾರ ಆ ಪುಣ್ಯಾ ನೀವ ತಗೋರಿ. ಈ ಹುಡುಗಗ ಬ್ಯಾಡ."

ಎಲ್ಲರೂ ವೈನಿಯತ್ತ ನೋಡಿದರು. ಅವರು ಸೆರಗು ಬಿಗಿದು ಸಿಕ್ಕಿಸಿಕೊಂಡು, "ನಡೀರಿ ಮಾಸ್ತರ್ರ" ಎಂದಷ್ಟೇ ಹೇಳಿದರು.

ಕುದುರೆ ಸಿಗುವವರೆಗೆ ಮಾಸ್ತರು ಅಣ್ಣನನ್ನು ಬೆನ್ನ ಮೇಲೆ ಹೊತ್ತು ಇಳಿದರು; ಹಿಂದೆ ವೈನಿ ಮತ್ತು ನಾನು. ಜೈಕಾರ ಹಾಕುತ್ತ ಏರಿ ಬರುತ್ತಿದ್ದ ಜನರ ಎದುರು, ಸೈನ್ಯದ ಹಿಂದಿ ಮರೆತು, "ಸರೀರೋ, ದಾರಿ ಬಿಡ್ರೋ" ಎಂದು ನಮ್ಮ ಭಾಷೆಯಲ್ಲೇ ಗದರುತ್ತಿದ್ದರು. ನಡುವೆ ಹೆಗಲ ಮೇಲಿನ ತಲೆಗೆ: "ಬಿಡು. ಹಿಡೀಬ್ಯಾಡ. ಬಿಡು." ರಾಮಬಾಡಾ ದಾಟಿದ ಮೇಲೆ ಅಣ್ಣ ನೀರು ಕೇಳಿದ. ಗೌರೀಕುಂಡದಲ್ಲಿ ಆಮ್ಲಜನಕ ಕೊಟ್ಟ ವೈದ್ಯರು, ಇವನನ್ನು ಮತ್ತೆ ಮೇಲೆ ಕರೆದೊಯ್ಯಬೇಡಿ ಎಂದರು.

ದರ್ಶನ ಮುಗಿಸಿ ಬಂದವರು ಊರಲ್ಲಿ ಬೇರೆಯೇ ಕತೆ ಹೇಳಿದರು: ಹುಡುಗ ಅಂಜಿ ಬಿದ್ದಿದ್ದ, ಮಾಸ್ತರು ನೆಪ ಮಾಡಿ ತಿರುಗಿದರು. ಸಿಂದಗಿಯ ಬಸ್ ನಿಲ್ದಾಣದಲ್ಲಿ ಒಬ್ಬರು ಮುಖಕ್ಕೇ ಅಂದರು: "ಗುಡಿ ಮುಂದ ಹೋಗಿ ಹೊಳ್ಳಿ ಬಂದ ಭಕ್ತರು ಬಂದ್ರಪಾ."

"ಹೌದ್ರಿ, ಬಂದೇನಿ," ಎಂದರು ಮಾಸ್ತರು. "ದೇವರು ಅಲ್ಲೇ ಅದಾನ, ಎಲ್ಲಿ ಹೋಗ್ತಾನ? ಹುಡುಗ ಇರ್ತಿದ್ನೇನು?"

ಅವರು ಮತ್ತೆ ಕೇದಾರಕ್ಕೆ ಹೋಗಲಿಲ್ಲ. ಕೆಲವು ವರ್ಷಗಳ ನಂತರ ಮುದ್ದೇಬಿಹಾಳದ ಮಗಳ ಮನೆಯಲ್ಲಿ ತೀರಿಕೊಂಡರು. ಅಂದು ಮಣ್ಣಿಗೆ ಬಂದವರಲ್ಲಿಯೂ ಆ ಹಳೆಯ ಕತೆಯನ್ನು ಪಿಸುಗುಟ್ಟಿದವರಿದ್ದರು. ಅದಕ್ಕೇ ಕಂಡದ್ದನ್ನು ಕಂಡಂತೆ ಇಲ್ಲಿ ಬರೆದಿದ್ದೇನೆ. ಗೌಡರೂ ಈಗಿಲ್ಲ. ಆ ತಿರುವಿನಲ್ಲಿದ್ದು ಎಲ್ಲವನ್ನೂ ಕಂಡವರಲ್ಲಿ ನಾನಿದ್ದೇನೆ, ವೈನಿ ಇದ್ದಾರೆ. ಅಣ್ಣನೂ ಇದ್ದಾನೆ.